ಕಪಾಟಿನ ನಡುವಿನ ಜಾಗ

ಗ್ರಂಥಾಲಯ ಎಲ್ಲರದ್ದೂ ಎಂದು ಫಲಕ ಹಾಕುವ ಮೊದಲು ಟೇಪು ಹಿಡಿದು ಕಪಾಟುಗಳ ನಡುವಿನ ದಾರಿ ಅಳೆಯಿರಿ. ಗಾಲಿಕುರ್ಚಿ ಹಾದುಹೋಗಲು ಕನಿಷ್ಠ 90 ಸೆಂಟಿಮೀಟರ್ ಬೇಕು, ಪೂರ್ತಿ ತಿರುಗಲು ಸುಮಾರು 150. ಅಳತೆ ಸರಿಯಿದ್ದರೂ ತಿರುವಿನಲ್ಲಿ ಬಿಟ್ಟ ಒಂದು ಸ್ಟೂಲ್ ಸಾಕು, ದಾರಿ ಬಂದ್.

ಪುಸ್ತಕಗಳ ವರ್ಗೀಕರಣವೂ ಜನರನ್ನು ಮೂಲೆಗೆ ತಳ್ಳುತ್ತದೆ, ಇದು ಯಾರ ಕಣ್ಣಿಗೂ ಬೀಳದು. ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಡುವ, 1876ರಲ್ಲಿ ಬಂದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ 220ರಿಂದ 289ರವರೆಗೆ ಬೈಬಲ್ ಮತ್ತು ಕ್ರೈಸ್ತಮತ. ಉಳಿದ ಧರ್ಮಗಳಿಗೆಲ್ಲ 290ರ ಹತ್ತೇ ಅಂಕಿ. ಹಿಂದೂ, ಬೌದ್ಧ, ಜೈನ ಪುಸ್ತಕಗಳು 294ರಲ್ಲೇ ಕಿಕ್ಕಿರಿದು, ಬೆನ್ನಿನ ಚೀಟಿಯಲ್ಲಿ ದಶಮಾಂಶದ ಬಾಲ ಬೆಳೆಯುತ್ತದೆ. ಅಂಕಿ ಬದಲಿಸಲಾಗದಿದ್ದರೆ ಕಪಾಟಿಗೆ ಓದುಗರ ಭಾಷೆಯಲ್ಲೇ ಹೆಸರು ಬರೆಸಿ. ಕ್ಯಾಟಲಾಗಿನಲ್ಲಿ ಶೀರ್ಷಿಕೆ ಮೂಲ ಲಿಪಿಯಲ್ಲೂ ಇರಲಿ. ಬರೀ ಲಿಪ್ಯಂತರ ಇದ್ದರೆ, ತಮ್ಮ ಲಿಪಿಯಲ್ಲಿ ಹುಡುಕಿದವರಿಗೆ ಕಪಾಟಿನಲ್ಲಿರುವ ಪುಸ್ತಕವೂ ಸಿಗುವುದಿಲ್ಲ.