ಮೀನಿನ ಆಹಾರ ಬದಲಿಸಿದೆ, ಟ್ಯಾಂಕ್ ನೀರು ಹಾಲಿನಂತಾಯಿತು

ಏಪ್ರಿಲ್ ಕೊನೆಯ ವಾರ. ಬೆಳಿಗ್ಗೆ ಆರಕ್ಕೆ ಎದ್ದು ಲೈಟ್ ಹಾಕಿದರೆ ಅಕ್ವೇರಿಯಂನ ಹಿಂದಿನ ಗಾಜೇ ಕಾಣಿಸುತ್ತಿಲ್ಲ. ಹಾಲಿನ ಪಾತ್ರೆ ತೊಳೆದ ನೀರು ಇರುತ್ತದಲ್ಲ, ಥೇಟ್ ಹಾಗೆ. ಮೂರು ಗೋಲ್ಡ್ ಫಿಶ್‌ನಲ್ಲಿ ಎರಡು ಮಾತ್ರ ಕಂಡವು. ಮೂರನೆಯದು ಗಾಜಿನ ಹತ್ತಿರ ಬಂದಾಗ ಕಿತ್ತಳೆ ಬಣ್ಣದ ನೆರಳಿನ ಹಾಗೆ ಮೂಡಿ ಮತ್ತೆ ಒಳಗೆ ಹೋಯಿತು. ಅಮ್ಮ ಚಹಾ ಕಪ್ ಹಿಡಿದುಕೊಂಡು ಬಂದು ನೋಡಿ, "ಯಾಕ, ಇದರಾಗ ಹಾಲ ಚೆಲ್ಲೇತೇನು?" ಅಂದರು.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಟ್ಯಾಂಕ್ ದೊಡ್ಡದೇನಲ್ಲ, ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಕೆಳಗಿನ ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ಸುಮಾರು 50 ಲೀಟರ್ ನೀರು. ಮೂರು ಗೋಲ್ಡ್ ಫಿಶ್‌ಗೆ ಇದು ಕಡಿಮೆಯೇ, ಗೊತ್ತು, ದೊಡ್ಡ ಟ್ಯಾಂಕ್‌ಗೆ ದುಡ್ಡು ಕೂಡಿಡುತ್ತಿದ್ದೇನೆ. ಆದರೂ ನಾಲ್ಕು ವರ್ಷದಿಂದ ಒಂದು ದಿನವೂ ನೀರು ಹೀಗೆ ಆಗಿರಲಿಲ್ಲ.

ಬದಲಾಗಿದ್ದು ಒಂದೇ, ಆಹಾರ. ಒಂಬತ್ತು ದಿನದ ಹಿಂದೆ ಹಳೆ ಡಬ್ಬಿ ಮುಗಿಯುತ್ತಾ ಬಂದಿತ್ತು, ಅಂಗಡಿಯಲ್ಲಿ ಅದೇ ಕಂಪನಿಯದು ಇರಲಿಲ್ಲ. ಬದಲಿಗೆ ಒಂದು ಕಿಲೋದ ದೊಡ್ಡ ಪ್ಯಾಕೆಟ್ ಸಿಕ್ಕಿತು, ಬೆಲೆಯೂ ಅರ್ಧ. ಕೆಂಪು, ಹಸಿರು, ಹಳದಿ ಕಾಳುಗಳು. ಮೀನುಗಳು ಮುಗಿಬಿದ್ದು ತಿಂದವು. ಅವು ಅಷ್ಟು ಖುಷಿಯಿಂದ ತಿನ್ನುವುದನ್ನು ನೋಡಿ ನನಗೂ ಖುಷಿಯಾಗಿ ದಿನಕ್ಕೆರಡು ಸಲ ಹಾಕುತ್ತಿದ್ದದ್ದು ಮೂರು ಸಲ ಆಯಿತು, ಚಿಟಿಕೆಯೂ ಸ್ವಲ್ಪ ದೊಡ್ಡದಾಯಿತು.

ನೀರು ಬಿಳಿಯಾದ ದಿನ ನಾನು ಮಾಡಿದ್ದು ಎಲ್ಲರೂ ಮೊದಲು ಮಾಡುವ ಕೆಲಸ. ಮೀನುಗಳನ್ನು ಬಕೆಟ್‌ಗೆ ಹಾಕಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನು ತಿಕ್ಕಿ ತೊಳೆದು, ಸ್ಪಾಂಜ್ ಫಿಲ್ಟರ್ ಅನ್ನು ನಲ್ಲಿ ಕೆಳಗೆ ಹಿಡಿದು ತಿಳಿ ನೀರು ಬರುವ ತನಕ ಹಿಂಡಿ, ಹೊಸ ನೀರು ತುಂಬಿಸಿದೆ. ಸಂಜೆ ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು. ಅದು ಸೋಮವಾರ. ಬುಧವಾರ ರಾತ್ರಿಗೆ ಮತ್ತೆ ಹಾಲು, ಮೊದಲಿಗಿಂತ ಗಟ್ಟಿ.

ಆಗ ಅಮ್ಮ ತುರಟಿ (ಪಟಿಕ, ಆಲಂ) ಹಾಕು ಅಂದರು. ಅವರ ತವರು ಬೀಳಗಿ ಕಡೆಯ ಹಳ್ಳಿ. ಮಳೆಗಾಲದಲ್ಲಿ ಘಟಪ್ರಭೆಗೆ ಕೆಂಪು ನೀರು ಬಂದಾಗ ಹಂಡೆಯಲ್ಲಿ ತುಂಬಿಟ್ಟು ತುರಟಿ ಕಲ್ಲನ್ನು ನಾಲ್ಕು ಸುತ್ತು ತಿರುಗಿಸಿ ಬಿಡುತ್ತಿದ್ದರಂತೆ, ಬೆಳಿಗ್ಗೆ ಹೊತ್ತಿಗೆ ಮಣ್ಣೆಲ್ಲ ತಳಕ್ಕೆ, ಮೇಲೆ ತಿಳಿ ನೀರು. ಆ ಮಾತು ಕೇಳಿಯೇ ನನಗೊಂದು ಯೋಚನೆ ಬಂತು. ಟ್ಯಾಂಕ್ ನೀರನ್ನು ಒಂದು ಗಾಜಿನ ಲೋಟದಲ್ಲಿ ತುಂಬಿ, ಏನೂ ಹಾಕದೆ, ರಾತ್ರಿಯಿಡೀ ಅಡುಗೆಮನೆ ಕಟ್ಟೆ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಒಂದು ಗೆರೆಯಷ್ಟೂ ಕೆಸರಿಲ್ಲ. ಲೋಟ ಪೂರ್ತಿ ಅದೇ ಬಿಳಿ. ಮಣ್ಣಾಗಿದ್ದರೆ ಸ್ವಲ್ಪವಾದರೂ ಕೂರಬೇಕಿತ್ತು ಅಲ್ವಾ? ಇದು ಕೂರಲಿಲ್ಲ, ಯಾಕೆಂದರೆ ಇದು ಕೊಳೆ ಅಲ್ಲ. ಜೀವ ಇರುವ ವಸ್ತು. ಕೋಟಿಗಟ್ಟಲೆ ಬ್ಯಾಕ್ಟೀರಿಯಾ.

ಇಷ್ಟು ಅರ್ಥವಾದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಂಡಿತು. ನೀರು ಹಸಿರಾದರೆ ಅದು ಪಾಚಿ, ಬೆಳಕು ಜಾಸ್ತಿ ಆಗಿದೆ ಅಂತ. ಕಲ್ಲು ಹಾಕಿದ ದಿನವೇ ಬೂದು ಬಣ್ಣಕ್ಕೆ ತಿರುಗಿದರೆ ಕಲ್ಲಿನ ಧೂಳು. ಹಾಲಿನ ಹಾಗೆ ಬಿಳಿ ಆದರೆ ನೀರಲ್ಲಿ ಕರಗಿದ ಆಹಾರ ಜಾಸ್ತಿ ಇದೆ, ಅದನ್ನು ತಿನ್ನಲು ಬ್ಯಾಕ್ಟೀರಿಯಾ ಹುಟ್ಟಿಕೊಂಡಿವೆ. ನಾನು ನೀರು ಬದಲಿಸಿದೆ, ಆದರೆ ಅದೇ ಆಹಾರವನ್ನು ಅಷ್ಟೇ ಹಾಕಿದೆ. ಅವುಗಳಿಗೆ ಊಟ ಮತ್ತೆ ಸಿಕ್ಕಿತು, ಮತ್ತೆ ಬಂದವು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಟ್ಯಾಂಕ್‌ನಲ್ಲಿ ಎರಡು ಥರದ ಬ್ಯಾಕ್ಟೀರಿಯಾ ಇರುತ್ತವೆ. ಒಂದು, ಈ ನೀರಲ್ಲಿ ತೇಲುವ ಬಿಳಿ ಪಡೆ. ಊಟ ಸಿಕ್ಕರೆ ಗಂಟೆಗಳಲ್ಲೇ ದುಪ್ಪಟ್ಟಾಗುತ್ತವೆ. ಇನ್ನೊಂದು, ಸ್ಪಾಂಜ್‌ಗೂ ಕಲ್ಲಿಗೂ ಅಂಟಿಕೊಂಡು ಸುಮ್ನೆ ಕೆಲಸ ಮಾಡುವವು. ಮೀನು ಕಿವಿರಿನಿಂದ ಬಿಡುವ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವವು ಇವೇ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ, ನೈಟ್ರೇಟ್ ಅಷ್ಟಿಲ್ಲ. ಇವು ದುಪ್ಪಟ್ಟಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ನಾಲ್ಕು ವರ್ಷದಿಂದ ನನ್ನ ಸ್ಪಾಂಜ್‌ನಲ್ಲಿ ಬೆಳೆದಿದ್ದ ಆ ಪಡೆಯನ್ನು ನಾನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಹತ್ತು ನಿಮಿಷ ಹಿಂಡಿದ್ದೆ. ಅಂದರೆ ಕೊಳೆಯುವ ಆಹಾರವನ್ನು ಬಿಟ್ಟು, ಅದರ ವಿಷವನ್ನು ತಡೆಯುವವುಗಳನ್ನೇ ಕೊಂದಿದ್ದೆ. ಇದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಗುರುವಾರ ರಾತ್ರಿ ಒಂದೂವರೆಗೆ ಕರೆಂಟ್ ಹೋಯಿತು. ಫ್ಯಾನ್ ನಿಂತು ಎಚ್ಚರವಾಗಿ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಮೂರೂ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿವೆ. ಬಿಳಿ ನೀರಿನ ನಿಜವಾದ ಅಪಾಯ ಇದೇ. ಆ ಬ್ಯಾಕ್ಟೀರಿಯಾ ಊಟ ಮಾಡುವಾಗ ನೀರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತವೆ. ನಮ್ಮ ಕಡೆ ಬೇಸಿಗೆ ಬೇರೆ. 20 ಡಿಗ್ರಿ ಬಿಸಿ ಇರುವ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನನ್ನ ಟ್ಯಾಂಕ್ ಅವತ್ತು 32 ಇತ್ತು. ಏರ್ ಪಂಪ್ ನಿಂತಿದೆ. ಏನು ಮಾಡುವುದು? ಚೊಂಬು ತಗೊಂಡು ಅದೇ ಟ್ಯಾಂಕ್‌ನ ನೀರನ್ನು ಎತ್ತಿ ಒಂದು ಗೇಣು ಮೇಲಿಂದ ಸುರಿಯುತ್ತಾ ಕೂತೆ. ಸುರಿದಾಗ ನೀರಿಗೆ ಗಾಳಿ ಸೇರುತ್ತದೆ, ಅಷ್ಟೇ ಸರಳ. ಕೈ ನೋವಾದಾಗ ಅಮ್ಮ ಚೊಂಬು ಇಸಿದುಕೊಂಡರು. ಮುಕ್ಕಾಲು ಗಂಟೆ ಆದಮೇಲೆ ಕರೆಂಟ್ ಬಂತು, ಮೀನುಗಳು ನಿಧಾನಕ್ಕೆ ಕೆಳಗಿಳಿದವು. ಮರುದಿನವೇ ಬ್ಯಾಟರಿಯಲ್ಲಿ ಓಡುವ ಚಿಕ್ಕ ಪಂಪ್ ತಂದೆ. ಬೇಸಿಗೆಯಲ್ಲಿ ಮೀನು ಸಾಕುವ ಪ್ರತಿ ಮನೆಯಲ್ಲೂ ಅದೊಂದು ಇರಲೇಬೇಕು ಅಂತ ನನ್ನ ಅಭಿಪ್ರಾಯ, ಚಂದದ ಕಲ್ಲು, ಪ್ಲಾಸ್ಟಿಕ್ ಗಿಡಕ್ಕಿಂತ ಮೊದಲು.

ಶುಕ್ರವಾರ ಆಹಾರವನ್ನೇ ಪರೀಕ್ಷೆ ಮಾಡಿದೆ. ಹಳೆ ಡಬ್ಬಿಯ ಮೂಲೆಯಲ್ಲಿ ಏಳೆಂಟು ಕಾಳು ಉಳಿದಿದ್ದವು. ಎರಡು ಗಾಜಿನ ಲೋಟದಲ್ಲಿ ನೀರು ಹಾಕಿ, ಒಂದರಲ್ಲಿ ಹಳೆಯ ಐದು ಕಾಳು, ಇನ್ನೊಂದರಲ್ಲಿ ಹೊಸ ಐದು ಕಾಳು ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕೂತೆ. ಹೊಸ ಕಾಳು ಒಂದು ನಿಮಿಷಕ್ಕೇ ಬಣ್ಣ ಬಿಡಲು ಶುರು ಮಾಡಿತು. ಮೂರನೇ ನಿಮಿಷಕ್ಕೆ ಮೈಯಿಂದ ಪುಡಿ ಉದುರತೊಡಗಿತು, ಬಿಳಿ ದಾರದ ಹಾಗೆ ಕೆಳಗೆ ಇಳಿಯುತ್ತಾ ಹೋಯಿತು. ಐದು ನಿಮಿಷಕ್ಕೆ ಚಮಚದಲ್ಲಿ ಒಂದು ಸಲ ತಿರುಗಿಸಿದೆ ನೋಡಿ, ಕಾಳೇ ಇಲ್ಲ, ಜೋಳದ ಹಿಟ್ಟು ಕಲಸಿದ ನೀರಿನ ಹಾಗೆ ಆಯಿತು. ಹಳೆ ಕಾಳು ಅರ್ಧ ಗಂಟೆ ಆದರೂ ಉಬ್ಬಿ ಮೆತ್ತಗಾಗಿತ್ತು ಅಷ್ಟೇ. ಉಗುರಲ್ಲಿ ಒತ್ತಿದರೆ ಒತ್ತಿದ ಗುರುತು ಬಿತ್ತು, ಒಡೆಯಲಿಲ್ಲ.

ಗೋಲ್ಡ್ ಫಿಶ್ ತಿನ್ನುವ ರೀತಿ ನೋಡಿದ್ದೀರಲ್ಲ, ಬಾಯಿಗೆ ತಗೊಂಡು, ಅಗಿದು, ಉಗುಳಿ, ಮತ್ತೆ ತಗೊಳ್ಳುತ್ತದೆ. ಕಾಳು ಗಟ್ಟಿ ಇದ್ದರೆ ಅದರಿಂದ ಏನೂ ಆಗದು. ಪುಡಿಯಾಗುವ ಕಾಳಾದರೆ ಪ್ರತಿ ಸಲ ಉಗುಳಿದಾಗಲೂ ಕಿವಿರಿನ ಎರಡೂ ಕಡೆಯಿಂದ ಹೊಗೆಯ ಹಾಗೆ ಹಿಟ್ಟು ಹೊರಗೆ ಬರುತ್ತದೆ. ನಾನು ಅದನ್ನು ಒಂಬತ್ತು ದಿನ ನೋಡಿದ್ದೆ, ಅದೇನು ಅಂತ ತಲೆಗೆ ಹೋಗಿರಲಿಲ್ಲ. ಇನ್ನು ಪ್ಯಾಕೆಟ್ ತಳದ ಪುಡಿ. ಚಹಾ ಸೋಸುವ ಜಾಲರಿಯಲ್ಲಿ ಒಂದು ಬಟ್ಟಲು ಆಹಾರ ಹಾಕಿ ಅಲ್ಲಾಡಿಸಿದರೆ ಎರಡು ಚಮಚ ಪುಡಿ ಬಿತ್ತು. ಅದರಲ್ಲಿ ಮೀನಿನ ಹೊಟ್ಟೆಗೆ ಹೋಗುವುದು ಬಹಳ ಕಡಿಮೆ, ನೀರಿಗೇ ಎಲ್ಲ. ಹಿಟ್ಟು ಇರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾಳು ಕಟ್ಟಲು ಎಲ್ಲ ಆಹಾರದಲ್ಲೂ ಗೋಧಿನೋ, ಇನ್ನೇನೋ ಹಿಟ್ಟು ಇರುತ್ತದೆ. ಅದನ್ನು ಹೇಗೆ ಬೇಯಿಸಿ ಕಟ್ಟಿದ್ದಾರೆ ಅನ್ನುವುದು ಮುಖ್ಯ.

ಒಂದು ಸಣ್ಣ ಲೆಕ್ಕ ಹೇಳಬೇಕು, ಯಾಕೆಂದರೆ ಇದನ್ನು ಮಾಡಿದ ಮೇಲೆಯೇ ನನ್ನ ಕೈ ಹಿಡಿತಕ್ಕೆ ಬಂದದ್ದು. ಒಂದು ಗ್ರಾಂ ಆಹಾರ ತಿನ್ನದೆ ಕೊಳೆಯಿತು ಅಂದುಕೊಳ್ಳಿ. ಅದರಲ್ಲಿ ಪ್ರೋಟೀನ್ 35 ಪರ್ಸೆಂಟ್ ಇದ್ದರೆ 350 ಮಿಲಿಗ್ರಾಂ. ಪ್ರೋಟೀನ್‌ನಲ್ಲಿ ಸುಮಾರು 16 ಪರ್ಸೆಂಟ್ ನೈಟ್ರೋಜನ್, ಅಂದರೆ 56 ಮಿಲಿಗ್ರಾಂ. ಅದೆಲ್ಲ ಅಮೋನಿಯ ಆಗಿ 50 ಲೀಟರ್‌ನಲ್ಲಿ ಕರಗಿದರೆ ಲೀಟರ್‌ಗೆ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ. ಒಂದು ಗ್ರಾಂ ಅಂದರೆ ಎಷ್ಟು? ದೊಡ್ಡ ಚಿಟಿಕೆ. ಅಮೋನಿಯ ಅಳೆಯುವ ಟೆಸ್ಟ್ ಕಿಟ್ ತರಿಸಿ ಹನಿ ಹಾಕಿ ನೋಡಿದೆ. ಹಳದಿ ಇರಬೇಕಾದ ನೀರು ಹಸಿರಾಗಿತ್ತು, ಪಟ್ಟಿಗೆ ಹೋಲಿಸಿದರೆ ಒಂದರ ಹತ್ತಿರ. ನಮ್ಮ ಬೋರ್ ನೀರು ಗಡಸು, ನಲ್ಲಿ ಬರದ ದಿನ ಅದನ್ನೇ ಸೇರಿಸುತ್ತೇನೆ. ಟ್ಯಾಂಕ್‌ನ ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಂಕಿ, 8 ದಾಟಿರುತ್ತದೆ (7 ನಡು, ಅದಕ್ಕಿಂತ ಮೇಲೆ ಕ್ಷಾರ). ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಅದೇ ಅಮೋನಿಯ ಹೆಚ್ಚು ವಿಷವಾಗುತ್ತದೆ. ನಮಗೆ ಎರಡೂ ಇವೆ.

ಸರಿಪಡಿಸಿದ್ದು ಹೀಗೆ. ಮೂರು ದಿನ ಆಹಾರ ಪೂರ್ತಿ ಬಂದ್. ಅಮ್ಮನಿಗೆ ಸಂಕಟ, "ಉಪವಾಸ ಕೆಡವ್ತಿಯೇನು ಅವನ್ನ?" ಅಂತ. ಆದರೆ ಚೆನ್ನಾಗಿ ಬೆಳೆದ ಗೋಲ್ಡ್ ಫಿಶ್‌ಗೆ ಮೂರು ದಿನದಿಂದ ಏನೂ ಆಗುವುದಿಲ್ಲ. ಅದಕ್ಕೆ ನಮ್ಮ ಹಾಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಹಾಗಾಗಿ ಅದು ಇಡೀ ದಿನ ಏನಾದರೂ ಹುಡುಕುತ್ತಲೇ ಇರುತ್ತದೆ. ಗಾಜಿನ ಹತ್ತಿರ ಬಂದು ಬಾಯಿ ಬಡಿಯುವುದೆಲ್ಲ ಹಸಿವಲ್ಲ. ದಿನಕ್ಕೊಂದು ಸಲ ಹತ್ತು ಹನ್ನೆರಡು ಲೀಟರ್ ನೀರು ತೆಗೆದು, ಪೈಪ್‌ನಿಂದ ಕಲ್ಲಿನ ಸಂದಿಯ ಕಸ ಎಳೆದು, ಕ್ಲೋರಿನ್ ತೆಗೆಯುವ ಹರಳು ಹಾಕಿದ ನೀರನ್ನು ನಿಧಾನಕ್ಕೆ ಸೇರಿಸಿದೆ. ಸ್ಪಾಂಜ್ ಅನ್ನು ತೆಗೆದ ಟ್ಯಾಂಕ್ ನೀರಲ್ಲೇ ಎರಡು ಸಲ ಅದ್ದಿ ಹಿಂಡಿದೆ, ನಲ್ಲಿ ಕೆಳಗೆ ಅಲ್ಲ. ಪಂಪ್‌ನ ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ಏರ್ ಸ್ಟೋನ್ ಇನ್ನೊಂದು ಬಿಟ್ಟೆ. ನೀರು ತಿಳಿ ಮಾಡುವ ಹನಿ ಔಷಧಿ ಹಾಕಲಿಲ್ಲ. ಅದು ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಊಟದ ಮೂಲ ಹಾಗೇ ಇರುತ್ತದೆ. ತುರಟಿಯೂ ಬೇಡ ಅಂದೆ, ಅದು ನೀರಿನ ಕ್ಷಾರ ಗುಣ ಇಳಿಸಿ ಪಿಎಚ್ ಏರುಪೇರು ಮಾಡಬಹುದು. ಕುಡಿಯುವ ಹಂಡೆಗೆ ಸರಿ, ಮೀನು ವಾಸಿಸುವ ನೀರಿಗೆ ಅಲ್ಲ.

ಕಷ್ಟ ಆದದ್ದು ಕೈ ಕಟ್ಟಿ ಕೂರುವುದು. ನೀರು ತಿಳಿಯಾಗುತ್ತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ದಿನಾ ನೋಡುವುದರಿಂದ. ಅದಕ್ಕೆ ಗೋಡೆಯ ಕ್ಯಾಲೆಂಡರ್‌ನ ಮಾರ್ಚ್ ಹಾಳೆ ಹರಿದು ಟ್ಯಾಂಕ್‌ನ ಹಿಂದಿನ ಗಾಜಿಗೆ ಹೊರಗಡೆಯಿಂದ ಅಂಟಿಸಿದೆ. ಶುಕ್ರವಾರ ಹಾಳೆ ಇದೆ ಅನ್ನುವುದಷ್ಟೇ ಕಂಡಿತು. ಭಾನುವಾರ ಕೆಂಪು ಬಣ್ಣದ ಭಾನುವಾರದ ಅಂಕಿಗಳು ಕಂಡವು. ಸೋಮವಾರ ಕಪ್ಪು ಅಂಕಿಗಳೂ ಬಂದವು. ಅವತ್ತು ಸಂಜೆ ಮೊದಲ ಸಲ ಆಹಾರ ಹಾಕಿದೆ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಒಂದೊಂದು ಮೀನಿಗೆ ಒಂದೊಂದು.

ಈಗ ಹಳೆ ಆಹಾರವೇ ಮತ್ತೆ ಸಿಕ್ಕಿದೆ, ನೂರು ಗ್ರಾಂನ ಚಿಕ್ಕ ಡಬ್ಬಿ ಮಾತ್ರ ತರುತ್ತೇನೆ. ನಮ್ಮ ಸೆಖೆಗೆ ದೊಡ್ಡ ಪ್ಯಾಕೆಟ್ ಒಡೆದಿಟ್ಟರೆ ಒಳಗಿನ ಎಣ್ಣೆ ಅಂಶ ಕಮಟು ಹಿಡಿಯುತ್ತದೆ, ವಿಟಮಿನ್ ಕೂಡ ಹೋಗುತ್ತದೆ. ಮುಂದೆ ಯಾವತ್ತಾದರೂ ಬದಲಿಸಬೇಕಾದರೆ ಮೊದಲು ಲೋಟದ ಪರೀಕ್ಷೆ. ಪಾಸಾದರೆ ಒಂದು ವಾರ ಮೂರು ಪಾಲು ಹಳೆಯದು, ಒಂದು ಪಾಲು ಹೊಸದು, ಆಮೇಲೆ ಅರ್ಧ ಅರ್ಧ. ಕಾಳನ್ನು ಎಣಿಸಿ ಹಾಕುತ್ತೇನೆ, ಎರಡು ನಿಮಿಷದಲ್ಲಿ ಖಾಲಿಯಾಗಬೇಕು, ಉಳಿದರೆ ಬಲೆಯಿಂದ ತೆಗೆಯುತ್ತೇನೆ. ಆ ಒಂದು ಕಿಲೋದಲ್ಲಿ ಉಳಿದದ್ದನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಮಣ್ಣು ತೆಗೆದು ಹೂತಿದ್ದೇನೆ, ಟ್ಯಾಂಕ್‌ನಿಂದ ತೆಗೆದ ನೀರೂ ದಿನಾ ಅದಕ್ಕೇ ಹೋಗುತ್ತದೆ.

ಬುಧವಾರ ಬೆಳಿಗ್ಗೆ ಅಮ್ಮ ಚಹಾ ಕುಡಿಯುತ್ತಾ ಟ್ಯಾಂಕ್ ಮುಂದೆ ಕೂತು, ಕನ್ನಡಕ ಏರಿಸಿಕೊಂಡು, ನೀರಿನ ಆಚೆಯಿಂದ ಕ್ಯಾಲೆಂಡರ್‌ನ ಸಣ್ಣ ಅಕ್ಷರ ಓದಿದರು, ಮಾರ್ಚ್ ತಿಂಗಳ ಏಕಾದಶಿ ಯಾವತ್ತು ಅಂತ. ಹಾಳೆ ಇನ್ನೂ ತೆಗೆದಿಲ್ಲ.