ಭಾವನ ಬೆಟ್ಟದಲ್ಲಿ ಎರಡು ದಿನ

ಯಳಂದೂರಿನಲ್ಲಿ ಬಸ್ಸು ಹತ್ತಿದಾಗ ಸೀಟು ಸಿಕ್ಕಿದ್ದೇ ದೊಡ್ಡದು. ಜನವರಿ ತಿಂಗಳು, ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಾಲಿಡಲು ಜಾಗ ಇಲ್ಲದಂತೆ ಅಕ್ಕಿ ಮೂಟೆ, ಮಕ್ಕಳ ಬ್ಯಾಗು, ಹರಕೆಗೆ ಹೊರಟವರ ತೆಂಗಿನಕಾಯಿ ಚೀಲ. ಬಿಳಿಗಿರಿರಂಗನ ಬೆಟ್ಟಕ್ಕೆ ಅಲ್ಲಿಂದ ಸುಮಾರು 24 ಕಿಲೋಮೀಟರ್. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದರೆ ಗದ್ದೆ ಬಯಲು ಮುಗಿದು ಕುರುಚಲು ಕಾಡು ಶುರು. ಆಮೇಲೆ ತಿರುವಿನ ಮೇಲೆ ತಿರುವು, ಏರಿದಷ್ಟೂ ಮರಗಳು ಎತ್ತರವಾಗುತ್ತವೆ, ಗಾಳಿ ತಣ್ಣಗಾಗುತ್ತದೆ. ಒಂದು ತಿರುವಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಕಿಟಕಿ ಕಡೆ ಕೈ ಮುಗಿದರು. ನಾನೂ ಬಗ್ಗಿ ನೋಡಿದೆ. ಗುಡಿ ಇಲ್ಲ, ಗೋಪುರ ಇಲ್ಲ. ಬರೀ ಬಿದಿರು ಮೆಳೆ. ಯಾರಿಗೆ ಕೈ ಮುಗಿದರೋ ಗೊತ್ತಾಗಲಿಲ್ಲ, ಕೇಳಲು ಸಂಕೋಚವಾಯಿತು, ಬಸ್ಸು ಮುಂದೆ ಹೋಯಿತು.

ಈ ಬೆಟ್ಟಕ್ಕೆ ನಾನು ಹೊಸಬನಲ್ಲ. ಚಿಕ್ಕವನಿದ್ದಾಗ ಮನೆಯವರ ಜೊತೆ ಬಂದಿದ್ದೆ. ರಂಗನಾಥನ ದರ್ಶನ, ಅವನ ದೊಡ್ಡ ಚರ್ಮದ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಳ್ಳುವುದು, ಬಂಡೆಯ ಅಂಚಿನಲ್ಲಿ ನಿಂತು ಕೆಳಗಿನ ಕಾಡು ನೋಡುವುದು, ಸಂಜೆಯೊಳಗೆ ಇಳಿದುಬಿಡುವುದು. ಬೆಟ್ಟ ಅಂದರೆ ಅಷ್ಟೇ ಅಂದುಕೊಂಡಿದ್ದೆ. ಈ ಸಲ ಬಂದದ್ದು ಈ ಕಾಡಿನ ಆದಿವಾಸಿಗಳಾದ ಸೋಲಿಗರ ಪೋಡಿನಲ್ಲಿ ಎರಡು ದಿನ ಇರಲು. ಪೋಡು ಅಂದರೆ ಸೋಲಿಗರ ಊರು, ಇಪ್ಪತ್ತು ಮೂವತ್ತು ಮನೆ ಇದ್ದರೂ ಪೋಡೇ. ನನ್ನ ಗೆಳೆಯನೊಬ್ಬ ಇಲ್ಲಿ ಕೆಲವು ವರ್ಷ ಪಾಠ ಹೇಳಿದ್ದ, ಅವನ ಪರಿಚಯದ ಮನೆಯವರು ಬನ್ನಿ ಅಂದಿದ್ದರು. ಆ ಪೋಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅವರೇನೂ ಬೇಡ ಅನ್ನಲಿಲ್ಲ, ನನಗೇ ಬೇಡ ಅನಿಸಿತು.

ಮೊದಲು ದೇವಸ್ಥಾನಕ್ಕೆ ಹೋಗಿ ಬಂದೆ. ಮನೆ ತಲುಪಿದ ಕೂಡಲೇ ಅಲ್ಲಿದ್ದ ಅಜ್ಜ ಕೇಳಿದ್ದು ಒಂದೇ ಮಾತು: "ನಮ್ಮ ಭಾವನ್ನ ನೋಡ್ಕಂಡ್ ಬಂದ್ರಾ ಸಾರ್?"

ಸೋಲಿಗರಿಗೆ ರಂಗನಾಥ ಭಾವ. ಕಾಡಿಗೆ ಬಂದ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು, ಹಾಡುತ್ತಾರೆ ಕೂಡ. ನಾನೂ ಹಿಂದೆ ಕೇಳಿದ್ದೆ, ಚೆಂದದ ಕಥೆ ಅಂತ ಬಿಟ್ಟಿದ್ದೆ. ಅಜ್ಜನ ಬಾಯಲ್ಲಿ ಕೇಳಿದಾಗ ಬೇರೆ ಏನೋ ಹೊಳೆಯಿತು. ಭಾವ ಅಂದರೆ ಹೊರಗಿನಿಂದ ಬಂದವನು, ಅಲ್ವಾ? ಹೆಣ್ಣು ಕೊಟ್ಟ ಮನೆ ಇವರದು. ಬೆಟ್ಟ ಕುಸುಮಾಲೆಯ ತವರು. ದೇವರೇ ನೆಂಟನಾಗಿ ಬಂದು ಸೇರಿಕೊಂಡ ಕಾಡು ಇದು. ಆಮೇಲೆ ಎಷ್ಟೋ ಜನ ಬಂದರು, ರಾಜರು, ಬ್ರಿಟಿಷ್ ಪ್ಲಾಂಟರುಗಳು, ಸರ್ಕಾರ. ಅವರಲ್ಲಿ ಯಾರೂ ನೆಂಟರಾಗಿ ಬರಲಿಲ್ಲ.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಊಟ ಆದ ಮೇಲೆ ಅಜ್ಜ ಅಂಗಳದಲ್ಲಿ ಕೂತು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದರು. ನಾನು ಫೋನಿನಲ್ಲಿ ಮ್ಯಾಪ್ ತೆಗೆದು ಇಟ್ಟುಕೊಂಡಿದ್ದೆ. ಅದರಲ್ಲಿ ಇದ್ದದ್ದು ದೇವಸ್ಥಾನ, ಒಂದಷ್ಟು ರೆಸಾರ್ಟು, ಕ್ಯಾತದೇವರ ಗುಡಿ, ಉಳಿದದ್ದು ಹಸಿರು. ಅಜ್ಜನ ಗೆರೆಗಳೊಳಗೆ ಖಾಲಿ ಜಾಗವೇ ಇರಲಿಲ್ಲ.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಸೋಲಿಗರಲ್ಲಿ ಕುಲಗಳಿವೆ. ಕಾಡಿನಲ್ಲಿ ಒಂದೊಂದು ಕುಲಕ್ಕೂ ಅದರದೇ ಎಲ್ಲೆ ಇದೆ. ಎಲ್ಲೆಗೆ ಬೇಲಿ ಇಲ್ಲ, ಹಳ್ಳ, ಗುಡ್ಡ, ದೊಡ್ಡ ಮರಗಳೇ ಗುರುತು. ಎಲ್ಲೆಯ ಒಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಬಗೆಯ ಜಾಗಗಳು. ಕಲ್ಲುಗುಡಿ ಅಂದರೆ ಹಿರಿಯರು ತೀರಿಕೊಂಡಾಗ ಕಲ್ಲಿಟ್ಟ ಜಾಗ. ಅಬ್ಬಿ ಅಂದರೆ ನೀರಿನ ಒರತೆ. ಹೀಗೆ ಸತ್ತವರು, ದೇವರು, ಕುಡಿಯುವ ನೀರು ಎಲ್ಲಾ ಒಂದೇ ಎಲ್ಲೆಯೊಳಗೆ ಸೇರಿದರೆ ಆ ಜಾಗ ಯಾರದು ಅಂತ ಕೇಳಬೇಕಾದ ಅಗತ್ಯವೇ ಬರುವುದಿಲ್ಲ. ಇವನ್ನೆಲ್ಲಾ ಸೋಲಿಗರೇ ಸಂಶೋಧಕರ ಜೊತೆ ಜಿಪಿಎಸ್ ಹಿಡಿದು ಕಾಡು ಸುತ್ತಿ ಗುರುತು ಮಾಡಿದ್ದಾರೆ. ನಾನೂರಕ್ಕೂ ಹೆಚ್ಚು ಪವಿತ್ರ ಜಾಗಗಳು ಆ ನಕ್ಷೆಯಲ್ಲಿ ಬಂದಿವೆ. ದೊಡ್ಡ ಸಂಪಿಗೆ ಮರದ ಮಾತು ಬಂದಾಗ ಅಜ್ಜ ಕಡ್ಡಿ ಕೆಳಗಿಟ್ಟರು. ಭಾರ್ಗವಿ ಹೊಳೆಯ ಹತ್ತಿರ ಇರುವ ಆ ಹಳೆಯ ಮರಕ್ಕೆ ಇವರ ಪೂಜೆ. ನಾನು ಅಲ್ಲಿಗೆ ಹೋಗಲಿಲ್ಲ. ನೋಡಿಕೊಂಡು ಬರಲು ಅದು ಪ್ರವಾಸಿ ತಾಣ ಅಲ್ಲ.

ಸಂಜೆ ಮನೆಯ ಹುಡುಗ ಹಿಂದಿನ ದಿಣ್ಣೆಗೆ ಕರೆದುಕೊಂಡು ಹೋದ. ಅವನ ಅಪ್ಪ ಅರಣ್ಯ ಇಲಾಖೆಯ ಬೇಟೆ ತಡೆ ಕ್ಯಾಂಪಿನಲ್ಲಿ ವಾಚರ್. ಇಲ್ಲಿನ ಕ್ಯಾಂಪುಗಳಲ್ಲಿ ಆನೆ ದಾರಿ, ಹುಲಿ ಹೆಜ್ಜೆ ನೋಡಿ ಹೇಳುವವರು ಬಹಳಷ್ಟು ಮಂದಿ ಸೋಲಿಗರೇ. ಈ ಕಾಡು ಯಾರದು ಅನ್ನುವ ಜಗಳದಲ್ಲಿ ಒಂದು ಕಡೆ ಇಲಾಖೆ, ಇನ್ನೊಂದು ಕಡೆ ಸೋಲಿಗರು ಅಂತ ಗೆರೆ ಎಳೆದರೆ ಆ ಗೆರೆ ಎಷ್ಟೋ ಮನೆಗಳ ಒಳಗೇ ಹಾದು ಹೋಗುತ್ತದೆ. ಅಪ್ಪ ರಾತ್ರಿಯಿಡೀ ಕಾಡು ಕಾಯುತ್ತಾನೆ. ಅದೇ ಕಾಡಿನಲ್ಲಿ ಅಮ್ಮ ನೆಲ್ಲಿಕಾಯಿ ಕಿತ್ತರೆ ಒಂದು ಕಾಲದಲ್ಲಿ ಕೇಸು ಆಗಬಹುದಿತ್ತು.

1974ರಲ್ಲಿ ಈ ಕಾಡು ವನ್ಯಜೀವಿ ಧಾಮ ಆಯಿತು. ಜಾಗ ಬದಲಿಸುತ್ತಾ ರಾಗಿ, ಅವರೆ, ಸಾಸಿವೆ ಬೆಳೆಯುತ್ತಿದ್ದವರನ್ನು ಒಳಗಿನಿಂದ ಎಬ್ಬಿಸಿ ರಸ್ತೆ ಬದಿಯ ಪೋಡುಗಳಲ್ಲಿ ಕೂರಿಸಿದರು. ಅಜ್ಜ ಆಗ ಹುಡುಗ. ಸೋಗೆ ಮನೆ ಬಿಟ್ಟು ಬಂದದ್ದು, ಅಮ್ಮ ಒಲೆಯ ಮೂರು ಕಲ್ಲುಗಳನ್ನು ಹೊತ್ತು ತಂದದ್ದು ಅವರಿಗೆ ನೆನಪಿದೆ. ಆದರೆ ಬ್ರಿಟಿಷರ ಕಾಲದಲ್ಲಿ ಎದ್ದ ಕಾಫಿ ತೋಟಗಳು ಕಾಡಿನ ನಡುವೆಯೇ ಉಳಿದವು, ಈಗಲೂ ಇವೆ. ಎಸ್ಟೇಟಿನವರ ಹತ್ತಿರ ಕಾಗದ ಇತ್ತು, ಇವರ ಹತ್ತಿರ ಇರಲಿಲ್ಲ. ಇದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು, ಈಗ ಬರೆಯುವಾಗಲೂ ಬರುತ್ತಿದೆ.

ಉಳಿದಿದ್ದ ದಾರಿ ಜೇನು, ನೆಲ್ಲಿ, ಸೀಗೆ, ಅಳಲೆ, ಪಾಚಿ. ಕಿತ್ತು ತಂದು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹಾಕುತ್ತಿದ್ದರು. 2006ರಲ್ಲಿ ಮಾರಾಟಕ್ಕೆ ಅಂತ ಸಂಗ್ರಹಿಸುವುದೂ ಇಲ್ಲಿ ನಿಂತುಹೋಯಿತು. ಆಗ ಹೇಗಿತ್ತು ಅಂತ ಮನೆಯ ಅಕ್ಕನನ್ನು ಕೇಳಿದೆ. "ಕೂಲಿಗೆ ಹೋದ್ವಿ, ಇನ್ನೇನ್ ಮಾಡದು" ಅಂದರು. ಕೊಡಗಿನ ಕಡೆಯ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದರಂತೆ.

ದಿಣ್ಣೆಯ ಮೇಲೆ ನಿಂತರೆ ಎದುರಿಗೆ ಎಲ್ಲೆಲ್ಲೂ ಲಂಟಾನ. ಆಳೆತ್ತರದ ಪೊದೆ, ಒಳಗೆ ಕಾಲಿಡಲು ಆಗುವುದಿಲ್ಲ. ದೂರದಿಂದ ಹಸಿರು ಕಾಣುತ್ತದೆ, ಪ್ರವಾಸಿಗರು ಫೋಟೋ ತೆಗೆದುಕೊಂಡು ಆಹಾ ಅನ್ನುತ್ತಾರೆ. ಆದರೆ ಜಿಂಕೆ ಮೇಯಲು ಅಡಿಯಲ್ಲಿ ಹುಲ್ಲಿಲ್ಲ. ಹಿಂದೆ ಇದೇ ಬೇಸಿಗೆ ಶುರುವಾಗುವ ಹೊತ್ತಿಗೆ ಸೋಲಿಗರು ತರಗು ಬೆಂಕಿ ಇಡುತ್ತಿದ್ದರು. ಒಣ ಎಲೆಗಳಿಗಷ್ಟೇ ತಗುಲಿ ಹಾದು ಹೋಗುವ ಸಣ್ಣ ಬೆಂಕಿ. ಮಣ್ಣಿನಲ್ಲಿ ಇನ್ನೂ ಒಂದಿಷ್ಟು ತೇವ ಇರುವಾಗಲೇ ಇಟ್ಟರೆ ಅದು ಮರ ಹತ್ತುವುದಿಲ್ಲ. ಅದು ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದನಿಕೆ ಜಾಸ್ತಿಯಾಯಿತು ಅನ್ನುವುದು ಇಲ್ಲಿನವರ ಮಾತು. ಬಂದನಿಕೆಗೆ ಇವರು ಉಪ್ಪಿಲು ಅನ್ನುತ್ತಾರೆ. ಮರದ ಮೇಲೆ ಕೂತು ಮರದ ರಸ ಹೀರುವ ಗಿಡ. ಹುಡುಗ ಒಂದು ನೆಲ್ಲಿ ಮರ ತೋರಿಸಿದ, ಅರ್ಧಕ್ಕರ್ಧ ಉಪ್ಪಿಲೇ ಇತ್ತು. ಸಂಶೋಧಕರೂ ವರ್ಷಗಟ್ಟಲೆ ಇದರ ಹಿಂದೆ ಬಿದ್ದು ಸೋಲಿಗರ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಬೆಂಕಿ ಅಂದ ಕೂಡಲೇ ಹೆದರುವ ನಮ್ಮಂಥವರಿಗೆ ಇದು ಸುಲಭಕ್ಕೆ ಒಪ್ಪುವ ವಿಷಯವಲ್ಲ. ನನಗೂ ಆ ಮರ ನೋಡುವ ತನಕ ಪೂರ್ತಿ ನಂಬಿಕೆ ಇರಲಿಲ್ಲ.

ರಾತ್ರಿ ಚಳಿಗೆ ಒಲೆ ಸುತ್ತ ಕೂತಿದ್ದಾಗ ಅಕ್ಕ ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಒಳಗೆ ಹಕ್ಕುಪತ್ರ. ಗಂಡನ ಹೆಸರು, ಇವರ ಹೆಸರು ಎರಡೂ ಇವೆ. 2006ರ ಅರಣ್ಯ ಹಕ್ಕು ಕಾಯ್ದೆ ಹಾಗೆಯೇ ಹೇಳುತ್ತದೆ, ಮದುವೆಯಾದವರಿಗೆ ಜಂಟಿಯಾಗಿಯೇ ಕೊಡಬೇಕು. ಮಕ್ಕಳಿಗೆ ಬಿಡಬಹುದು, ಮಾರುವ ಹಾಗಿಲ್ಲ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಉಳುತ್ತಿದ್ದ ಭೂಮಿ ಇರಬೇಕು, 4 ಹೆಕ್ಟೇರ್ ಮೀರಬಾರದು. ಇವರದು ಒಂದೂವರೆ ಎಕರೆ. ಕಾಫಿ, ಮೆಣಸು ಹಾಕಿದ್ದಾರೆ. ನಾನು ಓದಿ ವಾಪಸ್ ಕೊಟ್ಟಾಗ ಅಕ್ಕ ಮತ್ತೆ ನಾಲ್ಕು ಮಡಿಕೆ ಮಾಡಿ ಅದೇ ಕವರಿಗೆ ಹಾಕಿದರು. ಮಡಿಕೆಯ ಜಾಗದಲ್ಲಿ ಕಾಗದ ಸವೆದು ಹೋಗಿತ್ತು. ಅದನ್ನು ಎಷ್ಟು ಸಲ ಯಾರ್ಯಾರಿಗೆ ತೋರಿಸಬೇಕಾಗಿ ಬಂದಿತ್ತೋ.

ಆ ಕಾಯ್ದೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಹಕ್ಕು "ಕೊಡುವ" ಕಾಯ್ದೆ ಅಲ್ಲ. ಮೊದಲೇ ಇದ್ದ ಹಕ್ಕಿಗೆ ಮಾನ್ಯತೆ ಕೊಡುವ ಕಾಯ್ದೆ. ಆದಿವಾಸಿಗಳಿಗೆ ಚರಿತ್ರೆಯಲ್ಲಿ ಅನ್ಯಾಯ ಆಗಿದೆ ಅಂತ ಅದರ ಪೀಠಿಕೆಯಲ್ಲೇ ಒಪ್ಪಿಕೊಂಡಿದ್ದಾರೆ. ಅರ್ಜಿ ಮೊದಲು ಹೋಗಬೇಕಾದದ್ದು ಗ್ರಾಮಸಭೆಗೆ. ಸಾಕ್ಷಿಗೆ ಸರ್ಕಾರಿ ದಾಖಲೆಯೇ ಬೇಕು ಅಂತಿಲ್ಲ. ಹಿರಿಯರು ಹೇಳಿ ಬರೆಸಿದ ಮಾತು ನಡೆಯುತ್ತದೆ. ಹಳೆಯ ಬಾವಿ, ಸಮಾಧಿ, ದೇವರ ಜಾಗ ಕೂಡ ಸಾಕ್ಷಿ. ಇದನ್ನು ತಿಳಿದಾಗ ಮಧ್ಯಾಹ್ನ ಅಜ್ಜ ನೆಲದಲ್ಲಿ ಎಳೆದ ಗೆರೆಗಳು ಕಣ್ಣ ಮುಂದೆ ಬಂದವು. ಅವರ ಕಲ್ಲುಗುಡಿ, ಅಬ್ಬಿ ಇವೆಲ್ಲಾ ಕಾನೂನಿನ ಮುಂದೆ ನಿಲ್ಲುವ ದಾಖಲೆಗಳು!

2011ರ ಜನವರಿಯಲ್ಲಿ ಈ ಕಾಡನ್ನು ಹುಲಿ ರಕ್ಷಿತಾರಣ್ಯ ಅಂತ ಘೋಷಿಸಿದರು, ಸುಮಾರು 574 ಚದರ ಕಿಲೋಮೀಟರ್. ಮತ್ತೆ ಎಬ್ಬಿಸುತ್ತಾರೆ ಅನ್ನುವ ಭಯ ಪೋಡು ಪೋಡಿಗೂ ಹಬ್ಬಿತು. ಸೋಲಿಗರ ಸಂಘ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ದೇಶದಲ್ಲಿ ಹುಲಿ ರಕ್ಷಿತಾರಣ್ಯದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಜೇನು ಇಳಿಸಬಹುದು, ನೆಲ್ಲಿ ಕೀಳಬಹುದು, ತಮ್ಮ ದೇವರ ಜಾಗಕ್ಕೆ ಹೋಗಬಹುದು. ಹಾಗಾದರೆ ಹುಲಿ ಗತಿ ಏನು ಅಂತ ಕೇಳುವವರಿಗೆ ಒಂದು ಲೆಕ್ಕ: 2010ರಲ್ಲಿ ಇಲ್ಲಿ ಸುಮಾರು 35 ಹುಲಿ ಇದ್ದವು, 2014ರ ಗಣತಿಗೆ 68 ಆಗಿದ್ದವು. ಹುಲಿ ಹೆಚ್ಚಿದ್ದು ಸೋಲಿಗರಿಂದಲೇ ಅಂತ ನಾನು ಹೇಳುತ್ತಿಲ್ಲ. ಜನ ಇದ್ದರೆ ಹುಲಿ ಉಳಿಯುವುದಿಲ್ಲ ಅನ್ನುವ ಮಾತು ಈ ಬೆಟ್ಟದಲ್ಲಿ ನಿಲ್ಲುವುದಿಲ್ಲ, ಅಷ್ಟು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಎಲ್ಲಾ ಮುಗಿದು ಸುಖವಾಯಿತು ಅಂತಲೂ ಅಲ್ಲ. ಕಾಡನ್ನು ನೋಡಿಕೊಳ್ಳುವ ಮಾತು ಬಂದಾಗ, ಲಂಟಾನ ಎಲ್ಲಿ ತೆಗೆಯಬೇಕು, ಬೆಂಕಿ ಯಾವಾಗ ಇಡಬೇಕು ಅಂತ ತೀರ್ಮಾನ ಮಾಡುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ ಅಂತ ಹುಡುಗ ಬೇಸರಪಟ್ಟ. ಅವನು ಡಿಗ್ರಿ ಓದಿದ್ದಾನೆ, ಕಾಯ್ದೆಯ ಸೆಕ್ಷನ್ನುಗಳು ಬಾಯಿಗೆ ಬರುತ್ತವೆ. ನಾಗರಹೊಳೆಯ ಸುದ್ದಿ ತೆಗೆದವನೂ ಅವನೇ. ಅಲ್ಲಿ 2025ರ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತಕ್ಕೂ ಹೆಚ್ಚು ಕುಟುಂಬಗಳು ತಮ್ಮ ಹಳೆಯ ಹಾಡಿ ಕರಡಿಕಲ್ಲಿಗೆ ವಾಪಸ್ ಹೋಗಿ ಗುಡಿಸಲು ಕಟ್ಟಿದವು. 1980ರ ದಶಕದಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿದ್ದರು. ನೀವು ಇಲ್ಲಿ ಇದ್ದಿರಿ ಅನ್ನಲು ಪುರಾವೆ ಏನು ಅಂತ, ಎಬ್ಬಿಸಿ ಹಾಕಿದವರನ್ನೇ ಕೇಳಿದರೆ ಅವರು ಎಲ್ಲಿಂದ ತರಬೇಕು? ಹುಡುಗ ಈ ಮಾತನ್ನು ಜೋರಾಗಿ ಹೇಳಲಿಲ್ಲ. ಒಲೆಗೆ ಸೌದೆ ತಳ್ಳುತ್ತಾ ಹೇಳಿದ. ಅಜ್ಜ ಅಷ್ಟು ಹೊತ್ತಿಗೆ ನಿದ್ದೆ ಹೋಗಿದ್ದರು.

ಮಾರನೆಯ ದಿನ ಬೆಳಗ್ಗೆ ಅಜ್ಜನ ಜೊತೆ ಅವರ ಕುಲದ ಅಬ್ಬಿಗೆ ಹೋದೆ. ಪೋಡಿನಿಂದ ಅರ್ಧ ಗಂಟೆಯ ದಾರಿ. ಒಂದು ಕಡೆ ಚಪ್ಪಲಿ ಬಿಡಲು ಹೇಳಿದರು. ಯಾಕೆ ಅಂತ ನನಗೆ ಕಾಣಲಿಲ್ಲ, ಆದರೂ ಬಿಟ್ಟೆ. ಹತ್ತು ಹೆಜ್ಜೆ ಮುಂದೆ ತರಗಿನ ಅಡಿಯಲ್ಲಿ ನೆಟ್ಟ ಕಲ್ಲುಗಳು. "ನಮ್ಮ ಮುತ್ತಾತ ಅವ್ರೆ ಇಲ್ಲಿ" ಅಂದರು, ಒಳಗಿನ ಕೋಣೆಯಲ್ಲಿ ಮಲಗಿದವರ ಬಗ್ಗೆ ಹೇಳುವ ಹಾಗೆ. ಅಬ್ಬಿಯ ನೀರು ಹಲ್ಲು ಜುಮ್ ಅನ್ನುವಷ್ಟು ತಣ್ಣಗಿತ್ತು. ಬಾಟಲಿಗೂ ತುಂಬಿಸಿಕೊಂಡೆ. ಬರುವ ದಾರಿಯಲ್ಲಿ ನಾನು ಬಸ್ಸಿನಲ್ಲಿ ಕಂಡ ಬಿದಿರು ಮೆಳೆಯ ಬಗ್ಗೆ ಕೇಳಿದೆ. ಯಾವ ತಿರುವು ಅಂದರು. ಹೇಳಿದೆ. ನಕ್ಕು, "ಅದು ಮಾರಮ್ಮ ಕನಪ್ಪ" ಅಂದರು.

ಸಂಜೆ ಗೇಟು ಹಾಕುವ ಮುಂಚೆ ಇಳಿಯಬೇಕಿತ್ತು. ಮೂರು ಗಂಟೆಯ ಬಸ್ಸು. ಈ ಸಲ ಕಿಟಕಿ ಸೀಟು ಹಿಡಿದು ಕೂತೆ. ಆ ತಿರುವು ಬಂದಾಗ ಡ್ರೈವರ್ ವೇಗ ಕಡಿಮೆ ಮಾಡಿದರು. ಮೆಳೆಯ ಬುಡದಲ್ಲಿ ಮೂರು ಕಲ್ಲು ಇದ್ದವು, ಕುಂಕುಮ ಹಚ್ಚಿತ್ತು, ಯಾರೋ ಅವತ್ತೇ ಇಟ್ಟ ಹೂವು ಇನ್ನೂ ಬಾಡಿರಲಿಲ್ಲ.