ಬುಸ್ ಅನ್ನುವ ಮಾತ್ರೆ

"ಅದು ನೀರಿಗೆ ಹಾಕಿದ ತಕ್ಷಣ ಬುಸ್ ಅನ್ನುತ್ತಲ್ವಾ ಸಾರ್?"

ನರ್ಸ್ ಕೇಳಿದ್ದು ಇಷ್ಟೇ. ಮಂಗಳವಾರದಿಂದ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಎರಡು ತಿಂಗಳಿಂದ ನಾನು ಉಪ್ಪಿನ ವಿಷಯದಲ್ಲಿ ಸನ್ಯಾಸಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದ್ರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ, ಸೋಡಿಯಂ ಲೆಕ್ಕದಲ್ಲಿ 2000 ಮಿಲಿಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನನಗೆ ಬಾಯಿಪಾಠ. ಅಂಗಡಿಯಲ್ಲಿ ಬ್ರೆಡ್ ಪ್ಯಾಕೆಟ್ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ, ಇಷ್ಟು ಉಪ್ಪಾಯ್ತು ನೋಡು ಅಂತ ಹೆಂಡತಿಗೆ ಹೇಳುತ್ತಿದ್ದೆ. ಅವಳು ಅಷ್ಟೊತ್ತಿಗೆ ಮುಂದಿನ ಸಾಲಿಗೆ ಹೋಗಿರುತ್ತಿದ್ದಳು.

ಇಷ್ಟಾದರೂ ಬಿಪಿ 150/94. ಮೊದಲ ಸಲ ನೋಡಿದ ಡಾಕ್ಟರು ಎರಡು ನಿಮಿಷದಲ್ಲಿ "ಉಪ್ಪು ಕಡಿಮೆ ಮಾಡಿ" ಅಂದು ಕಳಿಸಿದ್ದರು. ಯಾವ ಉಪ್ಪು, ಎಲ್ಲಿಂದ ಬರುತ್ತೆ ಅಂತ ಕೇಳುವ ಪುರುಸೊತ್ತು ಅವರಿಗಿರಲಿಲ್ಲ. ಈ ನರ್ಸ್ ಹುಡುಗಿ ಮಾತ್ರ ಕುರ್ಚಿ ಎಳೆದುಕೊಂಡು ಕೂತು, ತಿಂದದ್ದೆಲ್ಲ ಕೇಳಿ, ಕೊನೆಗೆ "ಮಾತ್ರೆ ಏನೇನು ತಗೋತೀರಿ?" ಅಂದಳು. ಬಿಪಿದು ಹೇಳಿದೆ. ಮಂಡಿ ನೋವಿಗೆ ಪ್ಯಾರಾಸಿಟಮಾಲ್, ನೀರಲ್ಲಿ ಕರಗುವಂಥದ್ದು, ಬೆಳಿಗ್ಗೆ ಎರಡು, ರಾತ್ರಿ ಎರಡು ಅಂದೆ. ಆಗ ಬಂತು ಆ ಪ್ರಶ್ನೆ.

ಬುಸ್ ಅನ್ನುವುದಕ್ಕೆ ಅದರೊಳಗೆ ಸೋಡಿಯಂ ಬೈಕಾರ್ಬನೇಟ್ ಬೇಕಂತೆ, ಅಂದ್ರೆ ನಮ್ಮ ಅಡುಗೆ ಸೋಡಾ. ಜೊತೆಗೆ ಹುಳಿಯ ಸಿಟ್ರಿಕ್ ಆಮ್ಲ. ನೀರು ಬಿದ್ದರೆ ಎರಡೂ ಸೇರಿ ಗುಳ್ಳೆ ಏಳುತ್ತೆ, ಸೋಡಿಯಂ ಲೋಟದಲ್ಲೇ ಉಳಿಯುತ್ತೆ. ಅಂಥ ಒಂದು ಮಾತ್ರೆಯಲ್ಲಿ ಸುಮಾರು 400 ಮಿಲಿಗ್ರಾಂ. ನಾಲ್ಕಕ್ಕೆ 1600. ನನ್ನ ಗುಣಾಕಾರವೆಲ್ಲ ಒಂದೇ ಏಟಿಗೆ ನೀರುಪಾಲು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ, ನಾನು ನೀರಲ್ಲೇ ಕಲಸಿಕೊಂಡು ಕುಡಿಯುತ್ತಿದ್ದೆ!

ಸಿಟ್ಟು ಬಂದದ್ದು ನನ್ನ ನಾಲಿಗೆ ಮೇಲೆ. ಕೆಲವು ವಾರ ಉಪ್ಪು ಬಿಟ್ಟರೆ ನಾಲಿಗೆ ಚುರುಕಾಗುತ್ತೆ ಅನ್ನುವುದು ನಿಜ, ಮೊದಲು ಸಪ್ಪೆ ಅನಿಸುತ್ತಿದ್ದ ಬ್ರೆಡ್ ಈಗ ನನಗೆ ಉಪ್ಪುಪ್ಪು. ಅಂಥ ನಾಲಿಗೆಗೂ ಈ ಮಾತ್ರೆ ನಿಂಬೆರಸದ ಹಾಗೆ ಹುಳಿಹುಳಿ ಅನಿಸಿತ್ತು ಅಷ್ಟೇ. ಸೋಡಿಯಂ ಇದ್ದಲ್ಲೆಲ್ಲ ಉಪ್ಪಿನ ರುಚಿ ಇರಲೇಬೇಕಿಲ್ಲ ಅಲ್ವಾ. ರಕ್ತನಾಳಕ್ಕೆ ರುಚಿ ಕಟ್ಟಿಕೊಂಡು ಏನಾಗಬೇಕು, ಸೋಡಿಯಂ ಬಂದರೆ ಮೈ ನೀರು ಹಿಡಿದಿಡುತ್ತೆ, ಒತ್ತಡ ಏರುತ್ತೆ.

ಆಫೀಸಿನಲ್ಲಿ ಒಬ್ಬರಿಗೆ ಇದನ್ನು ಹೇಳಿ ತಪ್ಪು ಮಾಡಿದೆ. ಅವರಿಗೆ ಎಲ್ಲದಕ್ಕೂ ಒಂದು ಮದ್ದು ಗೊತ್ತು. "ಸೋಡಿಯಂ ಕಡಿಮೆ ಇರೋ ಉಪ್ಪು ಸಿಗುತ್ತೆ, ಅದನ್ನೇ ತಿನ್ನಿ" ಅಂದರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ಮುಟ್ಟಲ್ಲ ಅಂದೆ. ಅವರ ಮುಖ ಸಪ್ಪಗಾಯಿತು.

ಈಗ ಸಾದಾ ಮಾತ್ರೆ ಬರೆದುಕೊಟ್ಟಿದ್ದಾರೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಹಳೇ ಡಬ್ಬಿಯಲ್ಲಿ ಏಳು ಉಳಿದಿದ್ದವು. ನಿನ್ನೆ ಒಂದನ್ನು ಸುಮ್ನೆ ನೀರಿಗೆ ಹಾಕಿ ನೋಡುತ್ತಾ ಕೂತೆ. ಬುಸ್ಸೆಂದು ಮೇಲೆದ್ದು, ತಿರುಗಿ ತಿರುಗಿ, ಸಣ್ಣಗಾಗಿ ಮಾಯವಾಯಿತು.

"ಎಷ್ಟಾಯ್ತು, ಗುಣಿಸಿ ಹೇಳಿ" ಅಂದಳು ಹೆಂಡತಿ, ಲೋಟ ಎತ್ತಿ ಸಿಂಕಿಗೆ ಸುರಿಯುತ್ತಾ.